ಮನೆ ಮಾರುವ ಮುನ್ನ: ಮೊದಲು ತೇವ, ಆಮೇಲೆ ಬಣ್ಣ

ಬೆಂಗಳೂರಿನ ಹಳೆಯ ಮನೆಗಳಲ್ಲಿ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಬಚ್ಚಲುಮನೆಗೆ ತಾಗಿದ ಗೋಡೆಯ ಬುಡಕ್ಕೆ. ಅಲ್ಲಿ ಬಣ್ಣ ಉಬ್ಬಿದ್ದರೆ ಮೇಲೆ ಹೊಸ ಬಣ್ಣ ಬಳಿಯಬೇಡಿ, ಒಂದೇ ಮಳೆಗಾಲಕ್ಕೆ ಸಿಪ್ಪೆ ಏಳುತ್ತದೆ. ಮೊದಲು ಸೋರುವ ಪೈಪನ್ನೋ ಟೈಲ್ಸ್ ಸಂದನ್ನೋ ಸರಿಪಡಿಸಿ. ಉಬ್ಬಿದ್ದನ್ನು ಕೆರೆದು ಗೋಡೆ ಪೂರ್ತಿ ಒಣಗಲು ಬಿಡಿ. ಇದಕ್ಕೆ ವಾರಗಳೇ ಬೇಕಾಗಬಹುದು. ಆಮೇಲೆ 2 ಕೋಟ್ ಪುಟ್ಟಿ, ಉಜ್ಜುಕಾಗದ, ಪ್ರೈಮರ್, ಕೊನೆಗೆ 2 ಕೋಟ್ ತಿಳಿಬಣ್ಣದ ಎಮಲ್ಷನ್. ಕಡುನೇರಳೆ ಗೋಡೆ ನಿಮಗೆಷ್ಟೇ ಇಷ್ಟವಿರಲಿ, ಮುಚ್ಚಿಬಿಡಿ.

ಖಾಲಿ ಮನೆಯಲ್ಲಿ ಚರಂಡಿ ವಾಸನೆ ಬಂದರೆ ಊದುಬತ್ತಿ ಪರಿಹಾರವಲ್ಲ. ನೆಲದ ಜಾಲರಿಯ ಕೆಳಗಿನ ಟ್ರ್ಯಾಪಿನಲ್ಲಿ, ಅಂದರೆ ನಿಂತ ನೀರಿನಿಂದ ವಾಸನೆ ತಡೆಯುವ ಭಾಗದಲ್ಲಿ, ನೀರು ಆರಿರುತ್ತದೆ. ವಾರಕ್ಕೊಮ್ಮೆ 2 ಚೊಂಬು ನೀರು ಸುರಿಯಿರಿ. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ನಲ್ಲಿಯ ಸುತ್ತ ವಿನೆಗರ್ ಅದ್ದಿದ ಬಟ್ಟೆಯನ್ನು 15 ನಿಮಿಷ ಸುತ್ತಿಟ್ಟು ತೊಳೆಯಿರಿ. ಮಾರ್ಬಲ್‌ಗೆ ಮಾತ್ರ ಬೇಡ, ಆಮ್ಲ ಅದರ ಹೊಳಪನ್ನೇ ತಿನ್ನುತ್ತದೆ.

ಅಟ್ಟದ ಡಬ್ಬಗಳು, ಬಾಗಿಲ ಹಿಂದಿನ ಬಟ್ಟೆ, ಹೆಚ್ಚುವರಿ ಕುರ್ಚಿ ಎಲ್ಲ ಹೊರಗೆ. ತೋರಿಸುವುದು ಬೆಳಿಗ್ಗೆ 10ರ ಹೊತ್ತಿಗೆ, ಕಿಟಕಿ ತೆರೆದು. ಮೇಜಿನ ಮೇಲೆ ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ ದಾಖಲೆ), ತೆರಿಗೆ ರಸೀದಿ, ಋಣಭಾರ ಪತ್ರದ (ಇಸಿ) ಜೆರಾಕ್ಸ್ ಇರಲಿ.