ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತಿದೆಯೇ? ಬಲ್ಬ್ ತರಬೇಡಿ

ಹೋದ ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿದು ಸೋಮೇಶ್ವರದಲ್ಲಿ ಚಹಾಕ್ಕೆ ಕಾರು ನಿಲ್ಲಿಸಿದ್ದೆ. ಹಿಂದೆಯೇ ಬಂದ ಜೀಪಿನವರು ಇಳಿದು, "ಮಾರಾಯ್ರೇ, ನಿಮ್ಮ ಎಡಗಡೆ ಬ್ರೇಕ್ ಲೈಟ್ ಇಲ್ಲ, ಬ್ರೇಕ್ ಹಿಡಿದ್ರೆ ಇಂಡಿಕೇಟರ್ ಮಿಣಿಮಿಣಿ ಅಂತದೆ" ಅಂದರು. ಹದಿನಾಲ್ಕು ತಿರುವು, ಮಂಜು, ಅದರಲ್ಲಿ ಇವರು ನನ್ನ ಬೆನ್ನಿಗೇ ಇದ್ದವರು. ಬೈಯಲಿಲ್ಲವಲ್ಲ, ದೊಡ್ಡದು.

ಊರಿಗೆ ಬಂದವನು ಹೊಸ ಬಲ್ಬ್ ಹಾಕಿದೆ. ಹತ್ತಲಿಲ್ಲ. ಬಲ್ಬೇ ಸರಿಯಿಲ್ಲವೇನೋ ಅಂತ ಇನ್ನೊಂದು ತಂದೆ. ಆ ಜೀಪಿನವರು ಹೇಳಿದ ಮಾತಿನ ಎರಡನೇ ಅರ್ಧವನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ. ಒಂದು ದೀಪಕ್ಕೆ ಕರೆಂಟ್ ಕೊಟ್ಟರೆ ಪಕ್ಕದ್ದು ಮಂದವಾಗಿ ಉರಿಯಿತೆಂದರೆ ಅನುಮಾನ ಮೊದಲು ಅರ್ತ್ ಮೇಲೆ, ಅಂದರೆ ಕರೆಂಟ್ ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ವಾಪಸು ಹೋಗುವ ದಾರಿಯ ಮೇಲೆ. ಹಿಂದಿನ ದೀಪಗಳಿಗೆಲ್ಲ ಸಾಮಾನ್ಯವಾಗಿ ಒಂದೇ ಅರ್ತ್ ವೈರ್. ಅದು ಕಡಿದರೆ ಬ್ರೇಕ್ ಲೈಟಿನ ಕರೆಂಟ್ ವಾಪಸು ಹೋಗಲು ದಾರಿಯಿಲ್ಲದೆ ಇಂಡಿಕೇಟರ್ ಬಲ್ಬಿನೊಳಗೆ ನುಗ್ಗಿ, ಸುತ್ತಿ ಬಳಸಿ ಹೋಗುತ್ತದೆ. ಹಾಗಾಗಿ ಎರಡೂ ಅರೆಜೀವ.

ಪರೀಕ್ಷೆ ಸುಲಭ. ಒಂದು ತುಂಡು ವೈರಿನ ಒಂದು ತುದಿಯನ್ನು ಹೋಲ್ಡರಿನ ಅರ್ತ್ ವೈರಿಗೆ (ಹೆಚ್ಚಿನ ಕಾರುಗಳಲ್ಲಿ ಕಪ್ಪು), ಇನ್ನೊಂದನ್ನು ಪೇಂಟ್ ಇಲ್ಲದ ಬಾಡಿ ಬೋಲ್ಟಿಗೆ ಹಿಡಿದು, ಯಾರಿಂದಾದರೂ ಬ್ರೇಕ್ ಒತ್ತಿಸಿ. ದೀಪ ಸರಿಯಾಗಿ ಹತ್ತಿದರೆ ಕೆಟ್ಟದ್ದು ಅರ್ತೇ. ಒಬ್ಬರೇ ಇದ್ದರೆ ಸೀಟಿಗೂ ಬ್ರೇಕ್ ಪೆಡಲಿಗೂ ನಡುವೆ ಒಂದು ಕೋಲು ಸಿಕ್ಕಿಸಿ. ನನ್ನದು ಭಗ್ ಅಂತ ಹತ್ತಿತು. ಡಿಕ್ಕಿಯ ಮ್ಯಾಟ್ ಎತ್ತಿ ನೋಡಿದರೆ ಅರ್ತ್ ಬೋಲ್ಟಿನ ಬುಡದಲ್ಲಿ ನೀರು ನಿಂತು, ಟರ್ಮಿನಲ್ ಪೂರ್ತಿ ಹಸಿರು ಕಿಲುಬು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಎಮರಿ ಪೇಪರಿನಿಂದ ತಾಮ್ರ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ ಮೇಲೆ ವ್ಯಾಸಲೀನ್ ಸವರಿದೆ. ಮುಗಿಯಿತು. ನೀರು ಬಂದದ್ದು ಟೈಲ್ ಲ್ಯಾಂಪಿನ ಗ್ಯಾಸ್ಕೆಟ್ ಬಿರಿದ ಕಡೆಯಿಂದ. ಅದನ್ನು ಬದಲಿಸದಿದ್ದರೆ ಮುಂದಿನ ಮಳೆಗೆ ಇದೇ ಕತೆ.

ಪಕ್ಕದ್ದು ಮಿಣುಕದೆ ಒಂದೇ ದೀಪ ಸುಮ್ಮನೆ ಸತ್ತಿದ್ದರೆ ಆಗ ಬಲ್ಬ್ ನೋಡಿ. ಇಂಡಿಕೇಟರ್ ಟಿಕ್ ಟಿಕ್ ಅಂತ ಅವಸರ ಮಾಡಿದರೂ ಸಾಮಾನ್ಯವಾಗಿ ಆ ಬದಿಯ ಒಂದು ಬಲ್ಬ್ ಹೋಗಿದೆ ಅಂತ ಅರ್ಥ. ಹಿಂದಿನ ಬ್ರೇಕ್ ದೀಪದಲ್ಲಿ ಬಹಳ ಕಾರುಗಳಿಗೆ 21/5 ವ್ಯಾಟಿನ, ಒಳಗೆ ಉರಿಯುವ ಎರಡು ತಂತಿಯ ಬಲ್ಬ್, 21 ಬ್ರೇಕಿಗೆ, 5 ಪಾರ್ಕಿಂಗಿಗೆ. ಅದರ ಎರಡು ಪಿನ್ ಒಂದೇ ಎತ್ತರದಲ್ಲಿಲ್ಲ, ಬಲವಂತವಾಗಿ ತಿರುಗಾಮುರುಗಾ ತುರುಕಬೇಡಿ. ಹೆಡ್‌ಲೈಟಿನ ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಲಿ ಮುಟ್ಟಬೇಡಿ, ಬೆರಳಿನ ಎಣ್ಣೆ ಅದನ್ನು ಬೇಗ ಕೊಲ್ಲುತ್ತದೆ.

ಬ್ರೇಕ್ ಲೈಟ್ ಎಡ, ಬಲ, ಗಾಜಿನ ಮೇಲಿನದು ಮೂರೂ ಒಟ್ಟಿಗೆ ಇಲ್ಲವೆಂದರೆ ಹಿಂದೆ ಬಿಚ್ಚುವ ಕೆಲಸವೇ ಇಲ್ಲ. ಫ್ಯೂಸ್ ನೋಡಿ, ಅದು ಸರಿಯಿದ್ದರೆ ಪೆಡಲಿನ ಮೇಲಿನ ಪುಟ್ಟ ಸ್ವಿಚ್. ಕೆಂಪು 10 ಆಂಪಿಯರ್ ಫ್ಯೂಸ್ ಸುಟ್ಟಿದ್ದರೆ ಕೆಂಪನ್ನೇ ಹಾಕಿ. ಹಳದಿ 20 ಹಾಕಿ "ಈಗ ನಿಂತಿತು" ಅನ್ನುವವರಿದ್ದಾರೆ, ಮುಂದೆ ಸುಡುವುದು ವೈರಿಂಗ್.

ಅಡಿಕೆ ಮಂಡಿಯೋ ಕೊಟ್ಟಿಗೆಯೋ ಪಕ್ಕದಲ್ಲಿ ಕಾರು ನಿಲ್ಲಿಸುವವರು ಇದೆಲ್ಲಕ್ಕೂ ಮೊದಲು ಟಾರ್ಚ್ ಹಿಡಿದು ವೈರಿನ ಮೇಲೆ ಇಲಿಯ ಹಲ್ಲಿನ ಗುರುತಿದೆಯೇ ನೋಡಿಬಿಡಿ.