ತಳಿ ಪ್ರಯೋಗದ ಲೆಕ್ಕಕ್ಕೆ ಹೊಲದ ಜಾಗ ಸೇರಿಸಿದ್ದು: ನನ್ನ ಅನುಭವ

ನಮ್ಮ ರಾಗಿ ತಳಿ ಪ್ರಯೋಗ ಇದ್ದದ್ದು ಇಳಿಜಾರಿನ ಕೆಮ್ಮಣ್ಣಿನ ಹೊಲದಲ್ಲಿ. ಮೂರು ರೆಪ್ಲಿಕೇಶನ್ (ಎಲ್ಲ ತಳಿಗಳೂ ಒಂದೊಂದು ಸಲ ಬರುವ ಗುಂಪು), ಎಂದಿನ ಆರ್‌ಸಿಬಿಡಿ ವಿನ್ಯಾಸ. ಅಂದರೆ ಪ್ರತಿ ಗುಂಪೂ ಒಂದು ಬ್ಲಾಕ್, ಅದರೊಳಗೆ ಯಾವ ತಳಿ ಎಲ್ಲಿ ಎಂಬುದು ಚೀಟಿ ಎತ್ತಿದ ಹಾಗೆ. ಮೇಲ್ಗಡೆ ಮಣ್ಣು ತೆಳು, ಕೆಳಗೆ ಬದುವಿನ ಹತ್ತಿರ ತೇವ ಜಾಸ್ತಿ. ಒಂದೊಂದು ರೆಪ್ಲಿಕೇಶನ್ನೂ ಮೇಲಿಂದ ಕೆಳಗಿನವರೆಗೆ ಹಬ್ಬಿತ್ತು. ಹಾಗಾಗಿ ಒಂದೇ ಬ್ಲಾಕಿನಲ್ಲಿ ಎರಡೂ ಬಗೆಯ ಮಣ್ಣು ಸೇರಿಕೊಂಡಿತ್ತು. ಅನೋವಾ (ವ್ಯತ್ಯಾಸ ತಳಿಯದೋ ಆಕಸ್ಮಿಕವೋ ಎಂದು ನೋಡುವ ಲೆಕ್ಕ) ಮಾಡಿದರೆ ಸಿ.ಡಿ. (ಎರಡು ತಳಿ ನಿಜಕ್ಕೂ ಬೇರೆ ಎನ್ನಲು ಬೇಕಾದ ಕನಿಷ್ಠ ಅಂತರ) ತುಂಬಾ ದೊಡ್ಡದು. ಹೊಲದಲ್ಲಿ ಕಣ್ಣಿಗೆ ಕಂಡ ವ್ಯತ್ಯಾಸ ಲೆಕ್ಕದಲ್ಲಿ ಕಾಣುತ್ತಿರಲಿಲ್ಲ.

ಹಾಗಾಗಿ ಜಾಗದ ಏರುಪೇರನ್ನೂ ಲೆಕ್ಕಕ್ಕೆ ತರಲು ಹೊರಟೆ. ಮೊದಲ ಕೆಲಸ, ಪ್ರತಿ ತಾಕು (ಒಂದು ತಳಿ ಬಿತ್ತಿದ ತುಂಡು ಜಾಗ) ಹೊಲದಲ್ಲಿ ಎಲ್ಲಿತ್ತು ಎಂದು ಬರೆಯುವುದು. ಎಕ್ಸೆಲ್ ಶೀಟಿನಲ್ಲಿ ತಾಕಿನ ನಂಬರ್, ತಳಿ, ರೆಪ್ಲಿಕೇಶನ್, ಇಳುವರಿ ಇದ್ದವು. ಅಡ್ಡಸಾಲು ಎಷ್ಟನೆಯದು, ಉದ್ದಸಾಲು ಎಷ್ಟನೆಯದು ಎಂಬುದನ್ನೂ ಸೇರಿಸಿದೆ. ಇದಕ್ಕೆ ತಾಳ್ಮೆ ಬೇಕು. ಹೊಲದಲ್ಲಿ ನಂಬರ್ ಹಾವಿನ ಹಾಗೆ ಹೋಗಿರುತ್ತದೆ, ಅಲ್ವಾ? ಒಂದು ಸಾಲು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ. ಫೀಲ್ಡ್ ಬುಕ್ಕಿನ ನಕ್ಷೆ ಪಕ್ಕದಲ್ಲಿಟ್ಟುಕೊಂಡೇ ತುಂಬಬೇಕು. ಬೆಳೆ ಕೈಕೊಟ್ಟ ತಾಕನ್ನು ಅಳಿಸಬೇಡಿ, ಇಳುವರಿ ಖಾಲಿ ಬಿಡಿ.

ಆಮೇಲೆ ಆರ್‌ಸಿಬಿಡಿ ಮಾಡೆಲ್‌ನ ರೆಸಿಡ್ಯುಯಲ್‌ಗಳನ್ನು (ನಿಜವಾದ ಇಳುವರಿಯಿಂದ ಮಾಡೆಲ್ಲಿನ ಅಂದಾಜು ಕಳೆದರೆ ಉಳಿಯುವುದು) ಹೊಲದ ನಕ್ಷೆಯ ಮೇಲೆ ಬಣ್ಣ ಹಾಕಿ ನೋಡಿದೆ. ಮೇಲ್ಗಡೆ ಹೆಚ್ಚಿನವು ಮೈನಸ್, ಬದುವಿನ ಕಡೆ ಪ್ಲಸ್. ಈ ಚಿತ್ರ ನೋಡದೆ ಬ್ಲಾಕ್ ಸೇರಿಸುವುದು ಸುಮ್ನೆ ಊಹೆ. ಹಾಗಂತ ಇಳುವರಿ ಎಲ್ಲಿ ಜಾಸ್ತಿ ಎಂದು ನೋಡಿಕೊಂಡು ಬ್ಲಾಕಿನ ಗೆರೆ ಎಳೆಯಲೂಬಾರದು. ತಳಿಯ ಗುಣವೇ ಮಣ್ಣಿನ ಲೆಕ್ಕಕ್ಕೆ ಹೋಗಿಬಿಡುತ್ತದೆ. ನಾನು ರೆಪ್ಲಿಕೇಶನ್ ಇದ್ದ ಹಾಗೇ ಇಟ್ಟೆ. ಅಡ್ಡಸಾಲು, ಉದ್ದಸಾಲುಗಳನ್ನು ರ‍್ಯಾಂಡಮ್ ಎಂದು (ಪ್ರತಿ ಸಾಲಿನ ಪರಿಣಾಮ ಒಂದು ಆಕಸ್ಮಿಕ ಏರಿಳಿತ ಎಂದು) ಸೇರಿಸಿದೆ. ಆರ್ ಎಂಬ ಸಂಖ್ಯಾಶಾಸ್ತ್ರ ಸಾಫ್ಟ್‌ವೇರಿನ ಎಲ್‌ಎಂಇ4 ಪ್ಯಾಕೇಜಿನಲ್ಲಿ ಇದು ಸುಲಭ. ಒಂದೊಂದು ಸಾಲಿನಲ್ಲಿ ಕೆಲವೇ ತಳಿಗಳಿರುವುದರಿಂದ ರ‍್ಯಾಂಡಮ್ ಆಗಿರುವುದೇ ಒಳ್ಳೆಯದು. ಸಾಲು ಸಾಲುಗಳ ನಡುವಿನ ಮಾಹಿತಿಯೂ ಕೈಗೆ ಸಿಗುತ್ತದೆ. ಎಐಸಿ (ಮಾಡೆಲ್ಲುಗಳನ್ನು ಹೋಲಿಸುವ ಅಳತೆ, ಕಡಿಮೆಯಾದಷ್ಟೂ ಒಳ್ಳೆಯದು) ಇಳಿಯಿತು, ತಳಿಗಳ ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್ (ಅಂದಾಜಿನಲ್ಲಿರುವ ಅನಿಶ್ಚಿತತೆ) ಕೂಡ ಇಳಿಯಿತು.

ಈ ವಿಧಾನದ ಮೇಲೆ ನನಗೆ ನಂಬಿಕೆ ಹುಟ್ಟಿಸಿದ್ದು ಅಮೆರಿಕದ ನೆಬ್ರಾಸ್ಕದ ಒಂದು ಗೋಧಿ ಪ್ರಯೋಗ. ಅದರ ದತ್ತಾಂಶ ಆರ್‌ನ ಅಗ್ರಿಡ್ಯಾಟ್ ಪ್ಯಾಕೇಜಿನಲ್ಲಿ ಯಾರಿಗಾದರೂ ಸಿಗುತ್ತದೆ. 56 ತಳಿ, 4 ರೆಪ್ಲಿಕೇಶನ್, 224 ತಾಕು. ಬರೀ ಆರ್‌ಸಿಬಿಡಿ ಲೆಕ್ಕ ಹಾಕಿದರೆ ತಳಿಗಳ ನಡುವೆ ಗಣನೀಯ ವ್ಯತ್ಯಾಸವೇ ಇಲ್ಲ. ಬಕ್‌ಸ್ಕಿನ್ ಎಂಬ ಹೆಸರಾಂತ ತಳಿ ಪಟ್ಟಿಯ ಮಧ್ಯದಲ್ಲೆಲ್ಲೋ ಬೀಳುತ್ತದೆ. ಅದಕ್ಕೆ ಸಿಕ್ಕ ಜಾಗ ಚೆನ್ನಾಗಿರಲಿಲ್ಲ. ಜಾಗದ ಏರುಪೇರನ್ನು ಲೆಕ್ಕಕ್ಕೆ ತಂದರೆ ಅದೇ ತಳಿ ಮೇಲಕ್ಕೆ ಬರುತ್ತದೆ. ನೀವೂ ಮೊದಲು ಇದರ ಮೇಲೆ ಕೈ ಪಳಗಿಸಿಕೊಳ್ಳಿ.

ಮುಂದಿನ ಹಂಗಾಮಿಗೆ ಆಲ್ಫಾ ವಿನ್ಯಾಸ ಹಾಕಿದೆವು. 1976ರಲ್ಲಿ ಪ್ಯಾಟರ್ಸನ್ ಮತ್ತು ವಿಲಿಯಮ್ಸ್ ಕೊಟ್ಟ ವಿನ್ಯಾಸ ಅದು. ರೆಪ್ಲಿಕೇಶನ್ನಿನೊಳಗೆ ಸಣ್ಣ ಸಣ್ಣ ಬ್ಲಾಕ್, ಎಲ್ಲವೂ ಇಳಿಜಾರಿಗೆ ಅಡ್ಡವಾಗಿ. ಆಮೇಲೆ ಸೇರಿಸಿದ ಬ್ಲಾಕಿಗೆ ಮಾಡೆಲ್ ಒಂದೇ ಆಸರೆ. ಬಿತ್ತನೆಗೆ ಮೊದಲೇ ಇದ್ದ ಬ್ಲಾಕಿಗೆ ರ‍್ಯಾಂಡಮೈಸೇಶನ್ನಿನ (ಚೀಟಿ ಎತ್ತಿದ ಹಾಗೆ ತಳಿಗಳನ್ನು ಹಂಚುವುದರ) ಬಲವೂ ಇರುತ್ತದೆ. ಅಡ್ಡಸಾಲು, ಉದ್ದಸಾಲಿನ ನಂಬರುಗಳನ್ನು ಈ ಸಲ ಬಿತ್ತಿದ ದಿನವೇ ಶೀಟಿಗೆ ತುಂಬಿದೆವು.