ಹಳೆಯ ಕಾಲ್ಪೇಟಿ ರಿಪೇರಿ: ಮೊದಲು ಗಾಳಿ, ಆಮೇಲೆ ಶ್ರುತಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಬಯಲಾಟದ ಮೇಳದವರ ಮನೆಯಲ್ಲೋ ಮಠದ ಅಟ್ಟದಲ್ಲೋ ಹಳೆಯ ಕಾಲ್ಪೇಟಿ, ಅಂದರೆ ಕಾಲಿನಿಂದ ತುಳಿದು ಗಾಳಿ ತುಂಬುವ ಹಾರ್ಮೋನಿಯಂ, ಸಿಕ್ಕರೆ, ಸ್ವರ ಸರಿಯಿಲ್ಲವೆಂದು ತಕ್ಷಣ ರೀಡಿಗೆ (ಗಾಳಿಗೆ ಅದುರಿ ಸ್ವರ ಕೊಡುವ ಹಿತ್ತಾಳೆ ನಾಲಗೆಗೆ) ಅರ ಹಚ್ಚಬೇಡಿ. ಗಾಳಿ ಸೋರುವ ಪೇಟಿಯಲ್ಲಿ ಒಳ್ಳೆಯ ರೀಡೂ ಕೆಟ್ಟದಾಗಿಯೇ ನುಡಿಯುತ್ತದೆ. ಅದನ್ನು ನಂಬಿ ಕೆರೆದರೆ ಹೋದ ಹಿತ್ತಾಳೆ ವಾಪಸ್ ಬರುವುದಿಲ್ಲ.

ಮೊದಲ ಪರೀಕ್ಷೆ ಹೀಗೆ. ಸ್ಟಾಪುಗಳನ್ನೆಲ್ಲ (ರೀಡುಗಳಿಗೆ ಗಾಳಿ ಬಿಡುವ ಗುಂಡಿಗಳನ್ನು) ಮುಚ್ಚಿ, ಗಾಳಿ ಹಿಡಿದಿಡುವ ಒಳತಿದಿ ತುಂಬುವವರೆಗೆ ತುಳಿದು ಕಾಲು ತೆಗೆಯಿರಿ. ಹದಿನೈದು ಇಪ್ಪತ್ತು ಎಣಿಸುವವರೆಗೆ ತಿದಿ ನಿಂತರೆ ಅಡ್ಡಿಯಿಲ್ಲ. ಅದಕ್ಕೂ ಮೊದಲೇ ಕುಸಿದರೆ ತಿದಿಯಲ್ಲೋ ಗಾಳಿ ತಡೆಯುವ ಕದದಲ್ಲೋ ಸೋರಿಕೆ ಇದೆ. ಇನ್ನೊಮ್ಮೆ ತುಂಬಿ ಒಂದೊಂದೇ ಸ್ಟಾಪ್ ತೆರೆಯಿರಿ. ತೆರೆದ ಕೂಡಲೇ ಕುಸಿದರೆ ತಪ್ಪು ತಿದಿಯದಲ್ಲ, ಮನೆಗಳ (ಬೆರಳಿಂದ ಒತ್ತುವ ಪಟ್ಟಿಗಳ) ಕೆಳಗಿನ ಮುಚ್ಚಳಗಳದು. ಸೋರುವ ಜಾಗ ಹುಡುಕಲು ಊದಿನಕಡ್ಡಿ ಸಾಕು: ಫ್ಯಾನ್ ಆರಿಸಿ ಮೂಲೆ, ಮಡಿಕೆ, ಕೂಡುಗಳ ಹತ್ತಿರ ಹಿಡಿದರೆ ಹೊಗೆ ಅಡ್ಡ ಹಾರುವ ಕಡೆ ತೂತಿದೆ.

ತಿದಿ ಹರಿಯುವುದು ಹೆಚ್ಚಾಗಿ ಮೂಲೆಗಳಲ್ಲಿ. ಅಲ್ಲಿಗೆ ಹದ ಮಾಡಿದ, ಅರ್ಧ ಮಿಲಿಮೀಟರ್ ದಪ್ಪದ ಮೆತ್ತನೆಯ ಕುರಿ ತೊಗಲು ಬೇಕು. ತೊಗಲುಗೊಂಬೆಗೆ ಬಳಸುವ ಪಾರದರ್ಶಕ ತೊಗಲು ಸುಲಭವಾಗಿ ಸಿಕ್ಕರೂ ಬೇಡ, ಮಡಚಿದ ಕಡೆ ಬಿರಿಯುತ್ತದೆ. ರೆಕ್ಸಿನ್ನೂ ನಮ್ಮ ಬಿಸಿಲಿಗೆ ಬೇಗ ಬಿರುಸಾಗುತ್ತದೆ. ತೊಗಲಿನ ಅಂಚನ್ನು ಬ್ಲೇಡಿನಿಂದ ಕೆತ್ತಿ ತೆಳ್ಳಗೆ ಮಾಡಿ ಅಂಟಿಸಿ, ಇಲ್ಲದಿದ್ದರೆ ಮಡಿಕೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಅಂಟಿಗೆ ಬಡಿಗೇರರ ಸರೇಸೇ (ಪ್ರಾಣಿಜನ್ಯ ಅಂಟು) ಸರಿ. ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿಸಿ, ಕುದಿಸಿದರೆ ಹಿಡಿತ ಹೋಗುತ್ತದೆ. ಸರೇಸನ್ನು ಮುಂದೆ ಬೇಕಾದಾಗ ಬಿಸಿ ಬಟ್ಟೆಯಿಂದ ಬಿಡಿಸಬಹುದು. ಫೆವಿಕಾಲ್ ಹಾಕಿದರೆ ಮುಂದಿನವರು ಮರವನ್ನೇ ಕಿತ್ತು ತೆಗೆಯಬೇಕಾಗುತ್ತದೆ.

ಮನೆ ಒತ್ತದೆಯೇ ಸ್ವರ ಕೂಗುತ್ತಿದ್ದರೆ ಮುಚ್ಚಳ ಕೂತಿಲ್ಲ ಎಂದರ್ಥ. ಸಂದಿನಲ್ಲಿ ಕಸ ಇರಬಹುದು, ಸ್ಪ್ರಿಂಗ್ ಸೋತಿರಬಹುದು, ತೊಗಲು ಕಲ್ಲಾಗಿರಬಹುದು. ತೊಗಲನ್ನು ನಯವಾದ ಮರಳು ಕಾಗದದಿಂದ ಲಘುವಾಗಿ ಉಜ್ಜಿ ನವಿರು ಎಬ್ಬಿಸಿ. ಆಗಲೂ ಕೂಗಿದರೆ ಹೊಸದು ಹಾಕಿ, ನವಿರಿನ ಮುಖ ತೂತಿನ ಕಡೆ ಬರಲಿ. ಇನ್ನು ಆಷಾಢದ ತಂಪಿಗೆ ಮನೆ ಬಿಗಿಯಾಯಿತೆಂದು ಉಳಿಯಿಂದ ಹೆರೆಯಬೇಡಿ. 40 ಡಿಗ್ರಿ ದಾಟುವ ಏಪ್ರಿಲ್-ಮೇ ಬಂದಾಗ ಅದೇ ಮನೆ ಗಡಗಡ ಅಲ್ಲಾಡುತ್ತದೆ. ಪೆನ್ಸಿಲ್ ಪುಡಿ ಹಚ್ಚಿ ನೋಡಿ. ಎಣ್ಣೆಯಂತೂ ಎಲ್ಲಿಗೂ ಬೇಡ, ಧೂಳು ಹಿಡಿದು ಜಿಗುಟಾಗುತ್ತದೆ.

ಕಪ್ಲರ್, ಸ್ಕೇಲ್ ಚೇಂಜರ್ ಇರುವ ಪೇಟಿಗೆ ತಾಳ್ಮೆ ಹೆಚ್ಚು ಬೇಕು. ಕಪ್ಲರಿನಲ್ಲಿ ಒಂದು ಮನೆ ಒತ್ತಿದರೆ ತಂತಿಯ ಕೊಂಡಿ ಕೆಳ ಸಪ್ತಕದ ಅದೇ ಸ್ವರವನ್ನೂ ಎಳೆಯುತ್ತದೆ. ಕೆಳಗಿನ ಸ್ವರ ಮಂಕಾಗಿ ಕೇಳಿದರೆ ರೀಡಿನ ತಪ್ಪಲ್ಲ, ಮುಚ್ಚಳ ಅರ್ಧ ತೆರೆದಿದೆ ಅಷ್ಟೆ. ಚೂಪು ಮೂತಿಯ ಇಕ್ಕಳದಿಂದ ಕೊಂಡಿಯನ್ನು ಕೂದಲೆಳೆಯಷ್ಟು ಬಗ್ಗಿಸಿ ನೋಡಿ. ಅತಿಯಾದರೆ ಕಪ್ಲರ್ ಮುಚ್ಚಿದಾಗಲೂ ಕೊಂಡಿ ಮನೆಯನ್ನು ಎಳೆದುಕೊಂಡೇ ಇರುತ್ತದೆ, ಸ್ವರ ಕೂಗತೊಡಗುತ್ತದೆ. ಸ್ಕೇಲ್ ಚೇಂಜರಿನಲ್ಲಿ ರೀಡುಹಲಗೆ ಇದ್ದಲ್ಲೇ ಇರುತ್ತದೆ, ಮನೆಗಳ ಸಾಲು ಪಕ್ಕಕ್ಕೆ ಸರಿಯುತ್ತದೆ. ಕರಿ ಒಂದರ (ಮೊದಲ ಕರಿ ಮನೆಯ) ಶ್ರುತಿಯಲ್ಲಿ ಚೆನ್ನಾಗಿದ್ದದ್ದು ಬಿಳಿ ನಾಲ್ಕಕ್ಕೆ ಸರಿಸಿದಾಗ ಪಕ್ಕದ ಸ್ವರವನ್ನೂ ಸೇರಿಸಿ ನುಡಿದರೆ, ಸಾಲು ನಿಲ್ಲುವ ಕಚ್ಚು ಸವೆದಿದೆ. ಕಚ್ಚಿಗೆ ತೆಳು ಹಿತ್ತಾಳೆ ತಗಡಿನ ತುಂಡು ಕೂಡಿಸಿ, ಎಲ್ಲ ಸ್ಥಾನಗಳಲ್ಲೂ ಮತ್ತೆ ಪರೀಕ್ಷಿಸಿ. ಕಪ್ಲರ್ ಹಾಕಿಟ್ಟು, ಇಲ್ಲವೇ ಮನೆ ಒತ್ತಿಕೊಂಡು ಸ್ಕೇಲ್ ಸರಿಸುವ ಚಾಳಿಯಿಂದಲೇ ಅರ್ಧ ಕೊಂಡಿಗಳು ಮುರಿಯುತ್ತವೆ.

ಇಷ್ಟಾದ ಮೇಲೆ ರೀಡು. ಮೂರೂವರೆ ಸಪ್ತಕದ, ಎರಡು ಸಾಲಿನ ಪೇಟಿಯಲ್ಲಿ 42 ಮನೆಗೆ 84 ರೀಡು. ಬಿಚ್ಚುವ ಮೊದಲು ಫೋಟೊ ತೆಗೆದುಕೊಳ್ಳಿ, ನಂಬರ್ ಬರೆದ ಮೊಟ್ಟೆ ಟ್ರೇಗಳಲ್ಲಿ ಒಂದೊಂದು ಗುಣಿಗೆ ಒಂದೊಂದು ಇಡಿ. ತುಕ್ಕು ಹಿಡಿದ ಸ್ಕ್ರೂ ತಲೆಗೆ ಬೆಸುಗೆ ಕಡ್ಡಿಯ ಬಿಸಿ ಮುಟ್ಟಿಸಿದರೆ ಸಡಿಲಾಗುತ್ತದೆ. ಮೂಕವಾದ ರೀಡುಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಮೆತ್ತನೆಯ ಬ್ರಷ್ ಅಷ್ಟೆ, ನಾಲಗೆಯ ಪಕ್ಕದ ಸಂದಿನಲ್ಲಿ ಒಂದು ಕಣ ಕೂತರೂ ಅದು ಅದುರುವುದಿಲ್ಲ. ನಾಲಗೆಯ ತುದಿ ಚೌಕಟ್ಟಿನಿಂದ ಸ್ವಲ್ಪವೇ ಮೇಲೆದ್ದಿರಬೇಕು. ಮಟ್ಟವಾಗಿದ್ದರೆ ನುಡಿಯುವುದಿಲ್ಲ, ತೀರಾ ಎದ್ದರೆ ಉಸಿರು ಜಾಸ್ತಿ ಕೇಳಿ ತಡವಾಗಿ ನುಡಿಯುತ್ತದೆ.

ಶ್ರುತಿಗೆ ನಾಲಗೆಯ ಕೆಳಗೆ ತೆಳು ತಗಡು ಇಟ್ಟುಕೊಂಡೇ ಕೆರೆಯಬೇಕು. ತುದಿಯ ಹತ್ತಿರ ಕೆರೆದರೆ ಸ್ವರ ಏರುತ್ತದೆ, ಬುಡದ ಹತ್ತಿರ ಕೆರೆದರೆ ಇಳಿಯುತ್ತದೆ. ಉದ್ದುದ್ದಕ್ಕೆ ಕೆರೆಯಿರಿ, ಅಡ್ಡ ಗೀರು ಬಿದ್ದರೆ ನಾಲಗೆ ಅಲ್ಲೇ ಮುರಿಯುತ್ತದೆ. ಎರಡು ಮೂರು ಸಲ ಎಳೆದು ನಿಲ್ಲಿಸಿ, ಕೈಬಿಸಿ ಆರಲಿ, ಪೇಟಿ ಮುಚ್ಚಿಯೇ ಕೇಳಿ.

ಹಳೆಯ ಫ್ರೆಂಚ್ ಪೇಟಿಗಳಿಗೆ ಒಂದು ಮಾತು. ಫ್ರಾನ್ಸಿನಲ್ಲಿ 1859ರಲ್ಲಿ ನಿಗದಿಯಾದ ಶ್ರುತಿ 435 ಹರ್ಟ್ಸ್, ಈಗಿನದು 440. ಅಂತರ ಸುಮಾರು 20 ಸೆಂಟ್, ಅಂದರೆ ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರದ ಐದನೇ ಒಂದು ಭಾಗ. ಜೊತೆಗೆ ತಬಲಾ ಮಾತ್ರ ಇದ್ದರೆ ಅದನ್ನೇ ಪೇಟಿಗೆ ಕೂಡಿಸಿಕೊಳ್ಳಿ, ರೀಡು ಮುಟ್ಟಬೇಡಿ. ಪಕ್ಕದಲ್ಲಿ ಕೀಬೋರ್ಡ್ ಕೂರುವ ನಾಟಕ ಕಂಪನಿಯಾದರೆ ಎಲ್ಲವನ್ನೂ ಏರಿಸಲೇಬೇಕು, ಅದಕ್ಕೆ ತಕ್ಕಷ್ಟು ನಾಲಗೆಗಳು ತೆಳುವಾಗುತ್ತವೆ. ಒಂದು ವಾರ ನುಡಿಸಿ ಮತ್ತೆ ನೋಡಿದರೆ ನಾಲ್ಕಾರು ರೀಡುಗಳಾದರೂ ಸರಿದಿರುತ್ತವೆ, ಅಂಥವನ್ನಷ್ಟೇ ತಿದ್ದಿ.